ಸೋರ್ಸೋ ಕೆಲಸದ ಗಂಡು

ಮೊಮ್ಮಗಳು ಸುಮಳಿಗೆ ಗಂಡು ನೋಡೋಕೆ ಕಂದಿಕೆರೆಯಿಂದ ಬಸ್ಸು ಹತ್ತಿ ಸಂಪಿಗೆಗೆ ಹೋಗಿದ್ದೆವು. ದೇವಸ್ಥಾನದ ಜಗಲಿ ಮೇಲೆ ಎರಡೂ ಕಡೆಯವರು ಕೂತೆವು. ಸುಮ ಹುಡುಗನನ್ನು ಆಗಲೇ ಮೆಚ್ಚಿಬಿಟ್ಟಿದ್ದಳು. ಆದರೆ ನಾನು ಹೂಂ ಅನ್ನದೆ ಮಾತು ಮುಂದಕ್ಕೆ ಹೋಗುವಂತಿರಲಿಲ್ಲ.

"ಏನು ಕೆಲಸ ಕಣಪ್ಪ?" ಅಂದೆ.

"ನೆಗೆಟಿವ್ ಅಯಾನ್ ಸೋರ್ಸ್ ಮಾಡ್ತೀವಿ ಅಜ್ಜಿ."

"ಸೋರ್ಸೋ ಕೆಲಸಾನಾ? ನಮ್ಮೂರಲ್ಲಿ ಸೋರೋದನ್ನ ನಿಲ್ಸೋರಿಗೆ ಕೂಲಿ ಕೊಡ್ತೀವಲ್ಲಪ್ಪಾ!"

ಸುಮ ನನ್ನ ಸೆರಗು ಜಗ್ಗಿದಳು. "ಅಯ್ಯೋ, ಸೋರ್ಸ್ ಅಂದ್ರೆ ಮೂಲ ಕಣಜ್ಜಿ!"

ನಾನು ಹುಡುಗನ ಕಡೆ ತಿರುಗಿದೆ. "ಮೂಲವ್ಯಾಧಿ ಇಟ್ಕೊಂಡು ಈ ಕಲ್ಲಿನ ಮೇಲೆ ಯಾಕಪ್ಪ ಕೂತೆ? ಏಳು, ಏಳು!"

ಕುಡಿಯುತ್ತಿದ್ದ ಎಳನೀರು ಹುಡುಗನ ಮೂಗಿನಲ್ಲಿ ಬಂತು. ಕೆಮ್ಮಿ ಸುಧಾರಿಸಿಕೊಂಡು ಹೇಳಿದ: "ಸೋರ್ಸೋದೂ ನಿಜಾನೇ ಅಜ್ಜಿ. ಹೈಡ್ರೋಜನ್ ಗಾಳಿಯ ಕಣಕ್ಕೆ ಒಂದು ಎಲೆಕ್ಟ್ರಾನ್ ಹೆಚ್ಚಿಗೆ ಅಂಟಿಸಿ, ಸಣ್ಣ ತೂತುಗಳಿಂದ ಹೊರಕ್ಕೆ ಎಳೀತೀವಿ."

"ಹೆಚ್ಚಿಗೆ ಕೊಟ್ಟೂ ನೆಗೆಟಿವ್ ಅಂತೀರಾ? ಪಾಪ! ಅದ್ರಿಂದ ಏನು ಮಾಡ್ತೀರಿ?"

"ಸೂರ್ಯನ ಥರ ಉರಿಯೋ ಒಲೆ ಮಾಡ್ಬೇಕು ಅಂತ."

"ಹೊತ್ಕೊಂಡ್ತಾ?"

"ಇನ್ನೂ ಇಲ್ಲ ಅಜ್ಜಿ. ನಮ್ ಗುರುಗಳ ಕಾಲದಿಂದ್ಲೂ ನೋಡ್ತಾನೇ ಇದೀವಿ."

ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಸುಳ್ಳು ಹೇಳೋ ಹುಡುಗನಾಗಿದ್ದರೆ ಹೊತ್ತಿಕೊಂಡಿದೆ ಅಂದುಬಿಡುತ್ತಿದ್ದ.

"ಆಗ್ಲಿ ಬುಡು," ಅಂದೆ. "ನಮ್ಮುಡುಗೀಗೂ ಒಲೆ ಹಚ್ಚಿ ಅಭ್ಯಾಸ ಇಲ್ಲ. ಇಬ್ರೂ ಸೇರಿ ಕಲೀರಿ."

ಮದುವೆ ಆಯ್ತು. ಇಬ್ಬರೂ ಸುಖವಾಗಿದ್ದಾರೆ. ಊಟ ಮಾತ್ರ ಹೋಟೆಲಿನಿಂದ ಬರುತ್ತದಂತೆ.