ಸಿರ್ಕಾ ಖಾಲಾ ಉಂಡ ಗಂಗಾಳ

ಚಾಂದಬಿ ಖಾಲಾ ಬರುವ ಮೊದಲು ಅವಳ ವಾಸನೆ ಬರುತ್ತಿತ್ತು. ಮೂಗಿಗೆ ಹೊಡೆಯುವ ಹುಳಿ ವಾಸನೆ, ಅದರ ಹಿಂದೆ ಕೊಂಚ ಬಾಳೆಹಣ್ಣಿನದು. ಅವಳ ಬೆರಳ ತುದಿಗಳು ಸದಾ ನೀರಲ್ಲಿ ನೆಂದಂತೆ ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ಆ ಬೆರಳುಗಳಿಂದಲೇ ನನ್ನ ಗಲ್ಲ ಹಿಂಡಿ, "ಏನವಾ ಬಂಗಾರಿ, ಸಿಪ್ಪಿ ಎಲ್ಲಿ ಇಟ್ಟಿ?" ಎಂದು ಕೇಳುತ್ತಿದ್ದಳು.

ಕಲಬುರ್ಗಿಯ ರೋಜಾ ಬಡಾವಣೆಯಲ್ಲಿ ಅವಳ ಮನೆ ನಮ್ಮ ಹಿತ್ತಲಿಗೆ ಹತ್ತಿಕೊಂಡಿತ್ತು. ಓಣಿಗೆಲ್ಲ ಅವಳು ಖಾಲಾ, ಅಂದರೆ ಚಿಕ್ಕಮ್ಮ. ಗಂಡ ತೀರಿಹೋಗಿದ್ದ, ಇದ್ದೊಬ್ಬ ಮಗ ಹೈದರಾಬಾದಿನಲ್ಲಿದ್ದ. ತವರು ಕಮಲಾಪುರ. ಅಲ್ಲಿಂದ ಅವಳ ತಮ್ಮ ಕೆಂಪು ಬಾಳೆಗೊನೆ ಕಳಿಸಿದರೆ ಓಣಿಗೆಲ್ಲ ಹಂಚಿ, ಸಂಜೆ ಸಿಪ್ಪೆ ವಾಪಸು ಕೇಳಲು ಬರುವಳು. ಸಿಪ್ಪೆ, ಬೆಲ್ಲ, ನೀರು ಭರಣಿಗೆ ಹಾಕಿ ಬಾಯಿಗೆ ಬಟ್ಟೆ ಕಟ್ಟಿಟ್ಟರೆ ಸ್ವಲ್ಪ ದಿನಕ್ಕೆ ಹುಳಿ ಬಂದು ಸಿರ್ಕಾ ಆಗುತ್ತಿತ್ತು. ಮೇಲೆ ಕಟ್ಟುವ ದಪ್ಪ ಕೆನೆಯಂಥ ಪದರಕ್ಕೆ ಅವಳು 'ಮಾ', ಅಂದರೆ ತಾಯಿ, ಅನ್ನುತ್ತಿದ್ದಳು. ನಾವು ಭರಣಿಯ ಹತ್ತಿರ ಕುಣಿದರೆ ಗದರುವಳು: "ಮಾ ಮಲಗ್ಯಾಳ. ದೂರ ಹೋಗಿ ಕುಣೀರಿ."

ಆ ಸಿರ್ಕಾದಿಂದ ನಮ್ಮ ಮನೆಯಲ್ಲಿ ಆಗದ ಕೆಲಸವಿರಲಿಲ್ಲ. ಹಂಡೆ ತಿಕ್ಕಲು ಅದೇ, ಕಂದೀಲಿನ ಗಾಜು ಒರೆಸಲು ಅದೇ. ನನ್ನ ತಲೆ ತೊಳೆದ ಮೇಲೆ ಕೊನೆಯ ತಂಬಿಗೆ ನೀರಿಗೆ ನಾಲ್ಕು ಹನಿ ಅದೇ. ಹೊಸ ಸೀರೆ ಬಣ್ಣ ಬಿಡಬಾರದೆಂದು ಮೊದಲ ಸಲ ಅದರಲ್ಲಿ ಅದ್ದುತ್ತಿದ್ದರು. ಇರುವೆ ಸಾಲಿನ ಮೇಲೆ ಚಿಮುಕಿಸಿದರೆ ಇರುವೆಗಳು ದಿಕ್ಕೆಟ್ಟು ಓಡುತ್ತಿದ್ದವು. ಕಣಜ ಕಡಿದರೆ ನನ್ನ ಅಣ್ಣ ಅವ್ವನನ್ನು ಬಿಟ್ಟು ಸೀದಾ ಖಾಲಾನ ಮನೆಗೆ ಓಡುತ್ತಿದ್ದ. ಒಮ್ಮೆ ಹಳೆಯ ಮಾ ಒಂದನ್ನು ಬಂಡೆಯ ಮೇಲೆ ಒಣಗಿಸಿ, ತೊಗಲಿನಂತಾದದ್ದನ್ನು ತಗಡಿನ ಡಬ್ಬಿಯ ಬಾಯಿಗೆ ಬಿಗಿದು ನನಗೊಂದು ಹಲಗೆ ಮಾಡಿಕೊಟ್ಟಳು. ಓಣಿಯವರು ಕಿವಿ ಮುಚ್ಚಿಕೊಳ್ಳುವಂತೆ ಬಾರಿಸಿ ಸಂಜೆಯೊಳಗೆ ಹರಿದು ಹಾಕಿದೆ.

ಇಷ್ಟೆಲ್ಲ ಬಳಕೆ ನಮ್ಮ ಜಾಣತನವೇನಲ್ಲ. ಬಾಯಿಗೆ ಹಾಕುವಂತಿರಲಿಲ್ಲ, ಅದಕ್ಕೇ ಉಳಿದ ಕಡೆಯೆಲ್ಲ ಹಾಕಿದೆವು. ನಾವು ಲಿಂಗವಂತರು, ಅವಳ ಮನೆಯ ನೀರು ತಾಗಿದ್ದು ನಮಗೆ ನಡೆಯುತ್ತಿರಲಿಲ್ಲ. ಸಿಪ್ಪೆಯೊಳಗಿನ ಹಣ್ಣು ನಡೆಯುತ್ತಿತ್ತು, ನಾವೇ ಸುಲಿದ ಸಿಪ್ಪೆಯ ಸಿರ್ಕಾ ನಡೆಯುತ್ತಿರಲಿಲ್ಲ. ಅವಳು ಅದನ್ನು ಮಾಡುತ್ತಿದ್ದುದೇ ತಿನ್ನಲಿಕ್ಕೆ. ಸಿರ್ಕಾದಲ್ಲಿ ನೆನೆಹಾಕಿದ ಉಳ್ಳಾಗಡ್ಡಿ ಬಿಸಿ ರೊಟ್ಟಿಯ ಜೊತೆ ಹೇಗಿರುತ್ತದೆಂದು ಹೇಳುವಾಗ ಕಣ್ಣು ಮುಚ್ಚಿಬಿಡುವಳು.

"ನಮಗ ನಡಿಯಂಗಿಲ್ಲ ಖಾಲಾ," ಎನ್ನುವಳು ಅವ್ವ.

"ಗೊತ್ತದ ಶರಣಮ್ಮಾ. ಬರೇ ಕೇಳಿದ್ರ ಏನೂ ಆಗಂಗಿಲ್ಲಲ್ಲ," ಎಂದು ಖಾಲಾ ನಗುವಳು.

ನಿಜಾಮನ ಕಡೆಯ ರಜಾಕಾರರ ದಿನಗಳಲ್ಲಿ ಅವರ ಗುಂಪು ಓಣಿಗೆ ಬಂತೆಂದರೆ ಅವಳು ನಮ್ಮ ಕಟ್ಟೆಯ ಮೇಲೆ ಕೂತು ಸಿಪ್ಪೆ ಹೆಚ್ಚಲು ಶುರುಮಾಡುವಳು. ಇದು ಯಾರ ಮನೆ ಎಂದು ಕೇಳಿದರೆ ತಲೆ ಎತ್ತದೆ, "ಮೇರಾ ಘರ್ ಹೈ," ನನ್ನದೇ ಮನೆ, ಅನ್ನುವಳು. ಅವರು ಮುಂದೆ ಹೋಗುತ್ತಿದ್ದರು.

ಆಮೇಲೆ ಪೊಲೀಸ್ ಆ್ಯಕ್ಷನ್ ಆಯಿತು, ನಿಜಾಮನನ್ನು ಮಣಿಸಲು ಭಾರತದ ಸೈನ್ಯ ಬಂತು. ನಾವು ನಿಟ್ಟುಸಿರು ಬಿಟ್ಟೆವು. ಹೆದರುವ ಪಾಳಿ ಈಗ ಅವಳದು. ಹಳ್ಳಿಗಳಿಂದ ಮುಸಲ್ಮಾನರ ಮೇಲಿನ ಹಲ್ಲೆಯ ಸುದ್ದಿ ಬರತೊಡಗಿತು. ಅಪ್ಪ ಬೇಡವೆಂದರೂ ಕೇಳದೆ ಅವ್ವ ಹಿತ್ತಲ ಬಾಗಿಲಿನಿಂದ ಹೋಗಿ, ಖಾಲಾನ ಕೈಹಿಡಿದು ಕರೆತಂದು ಕಾಳಿನ ಕೋಣೆಯಲ್ಲಿ ಕೂರಿಸಿದಳು. "ನಮ್ಮ ಕಟ್ಟಿ ಮ್ಯಾಲ ಕುಂತಾಕಿನ್ನ ನಾ ಬೀದ್ಯಾಗ ಬಿಡಂಗಿಲ್ರಿ," ಎಂದು ಅಪ್ಪನಿಗೆ ಎದುರುತ್ತರ ಕೊಟ್ಟಳು. ಆ ಮಾತಿನ ಬಗ್ಗೆ ನನಗೆ ಇಂದಿಗೂ ಹೆಮ್ಮೆಯಿದೆ. ಮುಂದಿನದನ್ನು ಹೇಳಲು ನಾಚಿಕೆಯಾಗುತ್ತದೆ.

ಮಧ್ಯಾಹ್ನ ಅವ್ವ ಹಿತ್ತಾಳೆ ಗಂಗಾಳದಲ್ಲಿ ರೊಟ್ಟಿ, ಪುಂಡಿಪಲ್ಯ ಕೊಟ್ಟಳು. ಉಂಡ ಮೇಲೆ ಖಾಲಾ ತಾನೇ ತೊಳೆಯಲು ಎದ್ದಳು. ಹೊರಗೆ ಯಾರಾದರೂ ಕಂಡಾರೆಂದು ಅವ್ವ ಬಿಡಲಿಲ್ಲ. ಅಂಗಳಕ್ಕೆ ತಂದು ಬೂದಿ ಹಾಕಿ ತಿಕ್ಕಿದಳು. ತೊಳೆದು ಮತ್ತೆ ತಿಕ್ಕಿದಳು. ಬೇರೆ ಜಾತಿಯವರು ಉಂಡ ಗಂಗಾಳವನ್ನು ಹುಳಿ ಹಾಕಿ ಬೆಳಗದೆ ಒಳಗೆ ತರಬಾರದೆಂದು ಅಜ್ಜಿ ಕಲಿಸಿಹೋಗಿದ್ದಳು. ಮನೆಯಲ್ಲಿ ಹುಣಸೆಹಣ್ಣು ತೀರಿತ್ತು. ಅವ್ವ ಗೂಡಿನಲ್ಲಿದ್ದ ಸಿರ್ಕಾ ಶೀಶೆ ತೆಗೆದಳು.

ಕಾಳಿನ ಕೋಣೆಯ ಕಿಟಕಿ ಅಂಗಳಕ್ಕೇ ಇತ್ತು. ಒಳಗಿಂದ ಮೆಲ್ಲನೆ ಖಾಲಾನ ದನಿ ಬಂತು.

"ಶರಣಮ್ಮಾ, ಬರೇ ಸಿರ್ಕಾಕ್ಕ ಹೋಗಂಗಿಲ್ಲ. ಒಂದ್ ಚಿಟಿಕಿ ಉಪ್ಪು ಹಾಕ್ರಿ. ಪೂರಾ ಹೋಗ್ತದ."

ಆ ದನಿಯಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ಅವ್ವ ತಡೆದುಕೊಳ್ಳುತ್ತಿದ್ದಳೇನೋ. ಯಾವ ಕಲೆಗೆ ಏನು ಹಾಕಬೇಕೆಂದು ಓಣಿಯ ಹೆಂಗಸರಿಗೆ ಹೇಳಿಕೊಡುವ ಅದೇ ದನಿ. ಅವ್ವ ಎದ್ದುಹೋಗಿ ಉಪ್ಪು ತಂದಳು. ತಂದು ತಿಕ್ಕಿದಳು ಕೂಡ. ಗಂಗಾಳ ಥಳಥಳ ಹೊಳೆಯಿತು. ಪಕ್ಕದಲ್ಲೇ ನಿಂತಿದ್ದ ನನಗೆ ಕಿಟಕಿಯ ಕಡೆ ನೋಡಲಾಗಲಿಲ್ಲ.

ಊರು ತಣ್ಣಗಾದ ಮೇಲೆ ಅವಳ ತಮ್ಮ ಬಂದು ಕಮಲಾಪುರಕ್ಕೆ ಕರೆದೊಯ್ದ. ಹೋಗುವಾಗ ಖಾಲಾ ಅವ್ವನನ್ನು ಹರಸಿಯೇ ಹೋದಳು, ಅದು ಇನ್ನಷ್ಟು ಚುಚ್ಚಿತು. ಅವ್ವ ಆ ಗಂಗಾಳವನ್ನು ಅಟ್ಟಕ್ಕೆ ಹಾಕಿಬಿಟ್ಟಳು. ರೊಟ್ಟಿ ಬಡಿಯುತ್ತಾ ಬಡಿಯುತ್ತಾ ಕೈ ನಿಲ್ಲಿಸಿ, "ಒಂದ್ಸಲ ಹೋಗಿ ಆಕಿ ಮನ್ಯಾಗ ಉಂಡು ಬರಬೇಕವಾ. ಇಲ್ಲಂದ್ರ ನಾ ಆಕಿ ಮಾರಿ ಹ್ಯಾಂಗ್ ನೋಡ್ಲಿ?" ಎನ್ನುವಳು.

ಖಾಲಾನನ್ನು ನಾವು ಕೊನೆಯ ಸಲ ಕಂಡದ್ದು ಹಾಗೆ ಉಣ್ಣಲು ಹೋದಾಗಲೇ. ಮಗ ಹೈದರಾಬಾದಿಗೆ ಕರೆಸಿಕೊಳ್ಳುತ್ತಾನೆಂಬ ಸುದ್ದಿ ಬಂದಿತ್ತು. ಅವ್ವ ಅಪ್ಪನಿಗೆ ಏನೋ ನೆಪ ಹೇಳಿ, ನನ್ನನ್ನು ಕರೆದುಕೊಂಡು ಕಮಲಾಪುರದ ಮೋಟಾರು ಹತ್ತಿದಳು. ಹೋಗಿ ಕೂತವಳೇ, "ಖಾಲಾ, ಉಣ್ಲಿಕ್ಕ ಬಂದೀನಿ. ಸಿರ್ಕಾದ ಉಳ್ಳಾಗಡ್ಡಿ ಹಾಕ್ರಿ," ಎಂದಳು.

ಖಾಲಾ ಅವ್ವನ ಮುಖವನ್ನೇ ನೋಡಿದಳು, ಏನೂ ಕೇಳದೆ ಒಳಗೆ ಹೋದಳು. ಬಿಸಿ ರೊಟ್ಟಿ ಬಂತು, ಉಳ್ಳಾಗಡ್ಡಿ ಬಂತು. ಅವ್ವ ಮೊದಲ ತುತ್ತು ಬಾಯಿಗಿಟ್ಟಳು. ಕಣ್ಣು ತುಂಬಿತ್ತು.

"ಹುಳಿ ಭಾಳ ಆತೇನ್ರಿ?"

ಅವ್ವ ಇಲ್ಲವೆಂದು ತಲೆಯಾಡಿಸಿ, ತಾಟು ಬರಿದು ಮಾಡಿ, ಅದನ್ನು ತಾನೇ ಬೆಳಗುತ್ತೇನೆಂದು ಎದ್ದಳು. ಬೂದಿ ಎಲ್ಲಿದೆ ಎಂದು ಕೇಳಿದಳು. ಖಾಲಾ ಅವಳ ಕೈಯಿಂದ ತಾಟು ತೆಗೆದುಕೊಂಡಳು.

"ಬೂದಿ ಯಾಕ್ ಬೇಕು ಶರಣಮ್ಮಾ? ನೀವು ಉಂಡ ತಾಟು ಅದ. ನೀರು ಹಾಕಿದ್ರ ಸಾಕು."

ಒಂದು ತಂಬಿಗೆ ನೀರು ಸುರಿದು ಜಾಲಿಸಿದಳು. ಅದೇ ಒದ್ದೆ ತಾಟಿನಲ್ಲಿ ತನಗೊಂದು ರೊಟ್ಟಿ ಹಾಕಿಕೊಂಡು ನಮ್ಮೆದುರು ಉಣ್ಣಲು ಕೂತಳು.