ಸಂಜೆಯ ಕರೆಯ ನಡುವೆ ಒಂದು ಉಸಿರು

ದಂಡಿನ ವಸತಿಯಲ್ಲಿ ಅವರನ್ನು ಚಿಕ್ಕವರು ದೊಡ್ಡವರು ಎಲ್ಲರೂ ಬ್ಯೂಗಲ್ ಮಾವ ಎಂದೇ ಕರೆಯುತ್ತಿದ್ದರು. ಬ್ಯೂಗಲ್ ಕಹಳೆ ಊದಿ ಬೆಳಗ್ಗೆ ಇಡೀ ಪಟಾಲಮನ್ನು ಹಾಸಿಗೆಯಿಂದ ಎಬ್ಬಿಸುವುದು, ಸಂಜೆ ಬಾವುಟ ಇಳಿಯುವಾಗ ಎಲ್ಲರನ್ನೂ ನಿಂತಲ್ಲೇ ನಿಲ್ಲಿಸುವುದು ಅವರ ಕೆಲಸ. ಸಂಜೆಯ ಕರೆ ಕಿವಿಗೆ ಬಿದ್ದರೆ ಸೈಕಲ್ ಮೇಲಿದ್ದವನು ಇಳಿದು ನೆಟ್ಟಗೆ ನಿಲ್ಲಬೇಕು; ಅರ್ಧ ಗಡ್ಡ ಹೆರೆಸಿಕೊಂಡವನು ನೊರೆ ಮುಖದಲ್ಲೇ ಎದ್ದು ನಿಲ್ಲಬೇಕು. ಮಾವನ ಹೆಂಡತಿಯೂ ಒಲೆಯ ಮುಂದೆ ಸೌಟು ಹಿಡಿದು ನಿಂತುಬಿಡುತ್ತಿದ್ದರು. "ನಿಮ್ಮ ಕರೆಗೆ ನಾನು ನಿಲ್ತೀನಿ, ಉಕ್ಕೋ ಹಾಲು ನಿಲ್ಲುತ್ತಾ?" ಎಂದು ಆಮೇಲೆ ಗಂಡನನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದರು.

"ನಾನು ಊದದಿದ್ರೆ ಸೂರ್ಯನೂ ಮುಳುಗೋಕೆ ಹಿಂದೆಮುಂದೆ ನೋಡ್ತಾನೆ" ಎನ್ನುವುದು ಮಾವನ ಜಂಬ.

"ಹೌದು, ಅಜ್ಜಿ ಕೋಳಿ ಕೂಗದಿದ್ರೆ ಬೆಳಗೇ ಆಗಲ್ಲ" ಎನ್ನುವುದು ಹೆಂಡತಿಯ ಉತ್ತರ.

ಜಂಬಕ್ಕೆ ತಕ್ಕ ಕಸುಬೂ ಇತ್ತೆನ್ನಿ. ಆದರೆ ಒಂದು ಗುಟ್ಟೂ ಇತ್ತು. ಪ್ರಾಯದಲ್ಲಿ ಉಗ್ರಾಣದ ಮೆಟ್ಟಿಲಿನಿಂದ ಜಾರಿ ಬಿದ್ದು ಮುಂದಿನ ಹಲ್ಲೊಂದನ್ನು ಕಳೆದುಕೊಂಡಿದ್ದರು. ಕಟ್ಟಿಸಿದ ಹಲ್ಲು ಸಂಜೆಯ ಕರೆಯ ನಡುವೆ, ಏರುಸ್ವರದ ಹೊತ್ತಿಗೆ ಸರಿಯಾಗಿ ಅಲ್ಲಾಡುತ್ತಿತ್ತು. ಅದನ್ನು ನಾಲಿಗೆಯಿಂದ ಒತ್ತಿ ಕೂರಿಸಲು ಅವರು ಅಲ್ಲೊಂದು ಉಸಿರಿನಷ್ಟು ನಿಲ್ಲಿಸುತ್ತಿದ್ದರು. ಕಂಬದ ಬುಡದಲ್ಲಿ ಹಗ್ಗ ಹಿಡಿಯುವ ಹವಾಲ್ದಾರರ ಕೈಯೂ ಆಗ ನಿಲ್ಲುತ್ತಿತ್ತು, ಬಾವುಟವೂ ನಡುವೆ ತಡೆಯುತ್ತಿತ್ತು. ವರ್ಷ ಕಳೆದಂತೆ ಯಾರೋ ಉಸ್ತಾದರು ಹೊಸ ಸಿಪಾಯಿಗಳಿಗೆ ಪಾಠ ಹೇಳಿಬಿಟ್ಟರು: "ಆ ಮೌನ ಮಡಿದವರಿಗಾಗಿ. ಆಗ ತಲೆ ತಗ್ಗಿಸಬೇಕು." ಇಡೀ ಪಟಾಲಮೇ ತಲೆ ತಗ್ಗಿಸತೊಡಗಿತು. ಮಾವ ತುಟಿ ಪಿಟಕ್ಕೆನ್ನಲಿಲ್ಲ. ಹೇಳಬೇಕೆಂದರೆ ಕಟ್ಟಿಸಿದ ಹಲ್ಲಿನ ಮಾತೂ ಹೊರಗೆ ಬರುತ್ತಿತ್ತಲ್ಲ!

ಮಗಳು ಅಪ್ಪನ ಪಡಿಯಚ್ಚು. ಸೈನ್ಯದ ವಾದ್ಯಶಾಲೆಯಲ್ಲಿ ಕಲಿತು ಬಂದಿದ್ದಳು. ಅಪ್ಪನ ನಿವೃತ್ತಿಯ ದಿನ ಸಂಜೆಯ ಕರೆ ಅವಳೇ ಊದಬೇಕು. ದೊಡ್ಡ ಸಾಹೇಬರಿಗೆ ಒಪ್ಪಿಗೆಯಾದರೆ ಅಪ್ಪನ ಜಾಗ ಅವಳಿಗೆ, ಇಲ್ಲದಿದ್ದರೆ ಬೇರೆ ಪಟಾಲಮಿನಿಂದ ಬೇರೊಬ್ಬ ಬರುತ್ತಾನೆ. ಅಂದು ಮಧ್ಯಾಹ್ನ ಬ್ಯೂಗಲ್ ತಿಕ್ಕುತ್ತ ಕೂತಿದ್ದ ಮಗಳಿಗೆ ಮಾವ ಹೇಳಿದರು:

"ಏರುಸ್ವರಕ್ಕೆ ಮುಂಚೆ ಒಂದು ಉಸಿರು ನಿಲ್ಲಮ್ಮ."

"ಅಲ್ಲಿ ನಿಂತಿದ್ದಕ್ಕೇ ಶಾಲೇಲಿ ಬೈಸ್ಕೊಂಡಿದ್ದೀನಪ್ಪ. ಮಡಿದವರಿಗೆ ಅನ್ನೋದೆಲ್ಲ ಕಟ್ಟುಕಥೆಯಂತೆ, ಧಾಟೀಲಿ ಅದು ಇಲ್ವೇ ಇಲ್ಲ. ಯಾಕೆ ನಿಲ್ಬೇಕು ಹೇಳಿ?"

ಮಾವ "ನಿನ್ನಿಷ್ಟ" ಎಂದು ಎದ್ದು ಹೋದರು. ಹಲ್ಲಿನ ಗುಟ್ಟು ಗೊತ್ತಿದ್ದ ಹೆಂಡತಿ ಒಳಗಿನಿಂದ ಒಂದು ನೋಟ ನೋಡಿದರು, ಅಷ್ಟೇ.

ಸಂಜೆ ಮೈದಾನ ತುಂಬಿತ್ತು. ಮಗಳು ಎದೆಯೆತ್ತಿ ನಿಂತು ಊದಿದಳು. ಎಂಥ ಸ್ವರ! ಮಾವ ಹೆಮ್ಮೆಯಿಂದ ಅಕ್ಕಪಕ್ಕದವರತ್ತ ನೋಡಿದರು. ಆದರೆ ಆ ಜಾಗ ಬಂದಾಗ ಅವಳು ನಿಲ್ಲಲಿಲ್ಲ, ಹವಾಲ್ದಾರರ ಕೈ ನಿಂತಿತು. ಕೆಲವು ತಲೆಗಳು ತಗ್ಗಿ ಗಲಿಬಿಲಿಯಿಂದ ಮೇಲೆದ್ದವು. ಕರೆ ಮುಂದೆ ಹೋಯಿತು, ಬಾವುಟ ಹಿಂದೆ ಬಿತ್ತು. ಕರೆ ಮುಗಿದರೂ ಬಾವುಟ ಇಳಿದಿಲ್ಲವೆಂದರೆ ಆ ಜನಕ್ಕೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಮಗಳ ಕೆಲಸ ನನ್ನ ಹಲ್ಲಿನಿಂದ ಹೋಯಿತಲ್ಲ ಎಂದುಕೊಂಡರು ಮಾವ.

ಮಗಳ ಕಣ್ಣು ಮಾತ್ರ ಬಾವುಟದ ಮೇಲಿತ್ತು. ಕೊನೆಯ ಸ್ವರ ಹಿಡಿದವಳು ಬಿಡಲಿಲ್ಲ. ಮುಖ ಕೆಂಪಾಯಿತು, ಕತ್ತಿನ ನರ ಉಬ್ಬಿತು, ಸ್ವರ ಅಲುಗಲಿಲ್ಲ. ಬಾವುಟ ಹವಾಲ್ದಾರರ ತೋಳಿಗೆ ಬಂದ ಮೇಲೆಯೇ ತುಟಿಯಿಂದ ಬ್ಯೂಗಲ್ ತೆಗೆದಳು.

ಸಾಹೇಬರು ನೇರವಾಗಿ ಕಂಬದ ಬಳಿಗೆ ಬಂದರು. "ಬಾವುಟ ಯಾಕೆ ತಡ ಆಯ್ತು?"

ಹವಾಲ್ದಾರರು ಬಾಯಿ ತೆರೆಯುವ ಮೊದಲೇ ಮಾವ ಮುಂದೆ ಬಂದರು. "ಇವರಿಬ್ಬರ ತಪ್ಪಿಲ್ಲ ಸಾರ್, ನಂದು. ಆ ಮೌನ ಧಾಟೀಲಿಲ್ಲ. ನಂದು ಕಟ್ಟಿಸಿದ ಹಲ್ಲು. ಅದನ್ನ ಕೂರಿಸಿಕೊಳ್ಳೋಕೆ ನಿಲ್ಲಿಸ್ತಿದ್ದೆ."

ಸಾಹೇಬರು ಹುಬ್ಬೇರಿಸಿದರು. "ಅಂದ್ರೆ ಇಷ್ಟು ವರ್ಷ ನಾವೆಲ್ಲ ನಿಮ್ಮ ಹಲ್ಲಿಗೆ ತಲೆ ತಗ್ಗಿಸ್ತಿದ್ವಾ?"

ಯಾರಿಗೂ ನಗುವ ಧೈರ್ಯ ಬರಲಿಲ್ಲ. ಹವಾಲ್ದಾರರು ಬಾವುಟವನ್ನು ಎದೆಗೆ ಹಿಡಿದುಕೊಂಡೇ ಹೇಳಿದರು: "ಹಲ್ಲಿನ ವಿಷ್ಯ ನನಗೆ ಗೊತ್ತಿರ್ಲಿಲ್ಲ ಸಾರ್. ನನ್ನ ತಮ್ಮ ಯುದ್ಧಕ್ಕೆ ಹೋದವನು ವಾಪಸ್ ಬರ್ಲಿಲ್ಲ. ದಿನಾ ಆ ಒಂದು ಉಸಿರಲ್ಲಿ ಅವನನ್ನ ನೆನೆಸ್ಕೋತಿದ್ದೆ. ಇವತ್ತೂ ಕೈ ನಿಲ್ಲಿಸಿದೆ, ಅವನ ಮುಖ ಬರೋಷ್ಟರಲ್ಲಿ ಸ್ವರ ಮುಂದೆ ಹೋಗಿತ್ತು."

ಮಗಳು ಒಂದು ಹೆಜ್ಜೆ ಮುಂದೆ ಬಂದಳು. "ನಾಳೆಯಿಂದ ನಾನೂ ಅಲ್ಲಿ ನಿಲ್ತೀನಿ ಸಾರ್. ನನ್ನ ಹಲ್ಲು ಗಟ್ಟಿಯಾಗೇ ಇದೆ. ಈ ಹವಾಲ್ದಾರ್ ಚಿಕ್ಕಪ್ಪನ ತಮ್ಮನಿಗೋಸ್ಕರ ನಿಲ್ತೀನಿ."

"ನಾಳೆಯಿಂದ? ಕೆಲಸ ಸಿಕ್ಕಿತು ಅಂತ ನೀವೇ ತೀರ್ಮಾನ ಮಾಡಿಬಿಟ್ರಾ?"

"ಬಾವುಟ ಕೈಗೆ ಬರೋವರೆಗೂ ನಾನು ಬಿಡ್ಲಿಲ್ಲವಲ್ಲ ಸಾರ್."

ಸಾಹೇಬರು ಅವಳನ್ನೊಮ್ಮೆ, ಅವಳಪ್ಪನನ್ನೊಮ್ಮೆ ನೋಡಿದರು. "ಸರಿ, ನಾಳೆಯಿಂದ" ಎಂದು ಹೊರಟರು.

ಮೈದಾನ ಖಾಲಿಯಾಯಿತು. ಹವಾಲ್ದಾರರು ಬಾವುಟ ಮಡಿಸುತ್ತಿದ್ದರು, ಅದರ ಇನ್ನೊಂದು ತುದಿಯನ್ನು ಮಾವ ಹಿಡಿದುಕೊಂಡರು. ಇಷ್ಟು ವರ್ಷ ಒಂದೇ ಕಂಬದ ಬುಡದಲ್ಲಿ ನಿಂತಿದ್ದರೂ ಕೇಳದೇ ಇದ್ದದ್ದನ್ನು ಅವರು ಅಂದು ಮೆಲ್ಲಗೆ ಕೇಳಿದರು:

"ನಿನ್ನ ತಮ್ಮನ ಹೆಸರೇನಪ್ಪ?"