ಚೊಗರಿನ ಕೆಂಪು

ಗೆಳತಿಯರೇ, ಅಡಿಕೆ ಬೇಯಿಸಿದ ಚೊಗರು ನೀರಿನಲ್ಲಿ ಅದ್ದಿದ ನನ್ನ ಹತ್ತು ಬಟ್ಟೆಗಳು ಇವತ್ತು ಎಂಥ ಅದ್ಭುತ ಕೆಂಪಾಗಿದ್ದವು ಗೊತ್ತೇ! ಶನಿವಾರ ಸಾಗರದಲ್ಲಿ ನನ್ನ ಬಟ್ಟೆಗಳ ಮೊದಲ ಪ್ರದರ್ಶನ. ಅಂಗಳದಲ್ಲಿ ಒಣಗಲು ಹಾಕಿದ್ದನ್ನು ನೋಡಿ ಅತ್ತೆ ಚೀರಿದರು.

“ಎಂತ ಮಾಡಿದ್ಯೆ ಕೂಸೆ! ಮದ್ವೆ ಆಗಿ ತಿಂಗ್ಳು ಆಯ್ದಿಲ್ಲೆ, ಅಂಗಳದ ತುಂಬಾ ಗಂಡ ಸತ್ತವ್ರ ಸೀರೆ ಬಣ್ಣ!”

ಬರೀ ಬಣ್ಣ ಅತ್ತೆ ಎಂದು ಗೋಗರೆದೆ. ನಮ್ಮವರು ತಲೆ ತಗ್ಗಿಸಿ ನಿಂತರು. ಹತ್ತೂ ಬಟ್ಟೆ ಬಚ್ಚಲೊಲೆಗೆ ಹೋದವು.

ಒಲೆಯ ಮುಂದೆ ನಮ್ಮವರ ಸೋದರತ್ತೆ ಕೂತಿದ್ದರು. ಹದಿನಾಲ್ಕಕ್ಕೇ ವಿಧವೆಯಾದವರು, ಅಂದಿನಿಂದ ಉಡುವುದು ಅದೇ ಕೆಂಪು. ಉರಿಯುವುದನ್ನು ನೋಡುತ್ತಾ ಮೆಲ್ಲಗೆ ಹೇಳಿದರು: “ಬಣ್ಣ ಚೊಲೋ ಬೈಂದು. ಆ ವಯಸ್ಸಲ್ಲಿ ಯಂಗೆ ಇದನ್ನ ಉಡ್ಸಕಾದ್ರೆ ಯಾರಿಗೂ ಹೆದ್ರಿಕೆ ಆಯ್ದಿಲ್ಲೆ.”

ಶನಿವಾರ ತೋರಿಸಲು ನನ್ನಲ್ಲೀಗ ಉಳಿದಿರುವುದು ಕೆಂಪು ಹತ್ತಿದ ಎರಡು ಕೈ.